ಎಡಗಡೆಯ ಕೊಳವೆ

1972 ಸೆಪ್ಟೆಂಬರ್ 17, ಭಾನುವಾರ

ಹಾಗಾಗಿ ನಾನು ಹೇಳಿದ್ದೇ ಸರಿ, ಆ ಹುಡುಗ ಪ್ರೊಪೆಲರ್ ಖಾತಾದಲ್ಲಿ ಏನು ಬೇಕಾದರೂ ಗೀಚಿಕೊಳ್ಳಲಿ. ಇಡೀ ದಮ್‌ದಮ್ ವಿಮಾನ ನಿಲ್ದಾಣದಲ್ಲಿ ಕ್ಯಾಪ್ಟನ್ ಸಾನ್ಯಾಲರಷ್ಟು ಮೆತ್ತಗೆ ವಿಮಾನ ಇಳಿಸುವವರು ಇನ್ನೊಬ್ಬರಿಲ್ಲ. ಇವತ್ತು ನಾನು ಅವರ ವಿಮಾನವನ್ನು ಕೈಯಾರೆ ಮುಟ್ಟಿದೆ. ಪ್ರೊಪೆಲರ್ ಮುಟ್ಟಿದ್ದಾನಾ? ಬೇಲಿಯಾಚೆಯಿಂದ ದುರ್ಬೀನು ಹಿಡಿದವನು ಅವನು.

ಖಾತಾ ಈಗ ಪ್ರೊಪೆಲರನ ಮನೆಯಲ್ಲಿದೆ. ವಿಮಾನದ ಹುಚ್ಚು ಹಿಡಿದ ನಾವು ಆರು ಜನ, ಒಂದೇ ನೋಟುಪುಸ್ತಕ. ಒಬ್ಬರು ಬರೆದದ್ದರ ಕೆಳಗೆ ಇನ್ನೊಬ್ಬರು ಬರೆದು ಮುಂದಿನ ಮನೆಗೆ ದಾಟಿಸಬೇಕು. ಅದರಲ್ಲಿ ಯಾರದೂ ನಿಜವಾದ ಹೆಸರಿಲ್ಲ; ಒಬ್ಬ ಪ್ರೊಪೆಲರ್, ಒಬ್ಬ ರನ್‌ವೇ. ನನ್ನ ಹೆಸರು ಗಾಳಿಚೀಲ, ಕಂಬದ ತುದಿಯಲ್ಲಿ ಗಾಳಿಯ ದಿಕ್ಕು ತೋರಿಸುತ್ತದಲ್ಲ, ಅದು. ಸರದಿ ಬರಲು ಹತ್ತು ದಿನ ಹಿಡಿಯುತ್ತದೆ, ಅಷ್ಟರತನಕ ಸಿಟ್ಟನ್ನು ಇಲ್ಲಿ ಇಳಿಸಿಡಬೇಕು. ಕನ್ನಡದಲ್ಲಿ ಬರೆದರೆ ಆ ಐವರಲ್ಲಿ ಒಬ್ಬರಿಗೂ ಓದಲು ಬರುವುದಿಲ್ಲ. ಅದೇ ಲಾಭ.

ಇವತ್ತು ವಿಶ್ವಕರ್ಮ ಪೂಜೆ. ಹ್ಯಾಂಗರಿನಲ್ಲಿ ಯಾರೂ ಸ್ಪ್ಯಾನರ್ ಮುಟ್ಟುವ ಹಾಗಿಲ್ಲ, ಮನೆಯವರನ್ನೆಲ್ಲ ಕರೆತರಬಹುದು. ಅಪ್ಪ ಬಿಳಿ ಶರಟು ಹಾಕಿದ್ದರು. ಉಪಕರಣಗಳ ಮೆಕ್ಯಾನಿಕ್ ರತ್ನಾಕರ ಅಂದರೆ ಇಲ್ಲಿ ಎಲ್ಲರಿಗೂ ಗೊತ್ತು, "ರತನ್‌ದಾ, ರತನ್‌ದಾ" ಅಂತ ನಾಲ್ಕೂ ಕಡೆಯಿಂದ ಕರೆಯುತ್ತಿದ್ದರು. ಹೊರಗೆ ಆಕಾಶದ ತುಂಬ ಗಾಳಿಪಟ, ಇನ್ನೊಬ್ಬರ ಪಟ ಕತ್ತರಿಸಿದಾಗಲೆಲ್ಲ ಪ್ರತಿ ಮಾಳಿಗೆಯಿಂದಲೂ "ಭೋ-ಕಾಟ್ಟಾ" ಎಂಬ ಕೂಗು. ಬಂಗಾಳಿಗಳು ವಿಮಾನಗಳಿಗೆಲ್ಲ ಎಣ್ಣೆ ಸಿಂಧೂರ ಹಚ್ಚುತ್ತಿದ್ದರು. ಅಮ್ಮನಿಗೆ ಅದು ಒಪ್ಪಿಗೆಯಾಗದೆ, ಮನೆಯಲ್ಲೇ ಸಾಣೆಕಲ್ಲಿನ ಮೇಲೆ ಗಂಧ ತೇಯ್ದು, ಕುಂಕುಮ ಕಲಸಿ ಸ್ಟೀಲ್ ಡಬ್ಬಿಯಲ್ಲಿ ತಂದಿದ್ದಳು. "ದೇವರಿಗೆ ಎಣ್ಣೆ ಮೆತ್ತುವುದು ಯಾವ ಕ್ರಮ ಮಾರಾಯ್ರೆ?"

ಡಬ್ಬಿ ನನ್ನ ಕೈಯಲ್ಲಿತ್ತು. ಚಕ್ರಕ್ಕೆ ಒಂದು ಬೊಟ್ಟು, ಬಾಗಿಲಿಗೆ ಒಂದು. ಆಮೇಲೆ ಸ್ಟೂಲು ಹತ್ತಿ ಮೂಗಿನ ಹತ್ತಿರದ ಕೊಳವೆಗೆ. ಬೆರಳಿನಷ್ಟು ದಪ್ಪದ ಪಿಟೋ ಕೊಳವೆ, ಬಾಯಿ ಗಾಳಿಗೆ ಎದುರಾಗಿ ತೆರೆದಿರುತ್ತದೆ. ಎಷ್ಟು ವೇಗದಲ್ಲಿ ಹೋಗುತ್ತಿದ್ದೀವಿ ಎಂದು ಅದೇ ಹೇಳಬೇಕು. ಬಲಗಡೆಯದು ಕೋ-ಪೈಲಟ್‌ಗೆ, ಎಡಗಡೆಯದು ಕ್ಯಾಪ್ಟನ್‌ಗೆ. ನಾಳೆ ಬೆಳಿಗ್ಗೆ ಗೌಹಾಟಿಗೆ ಇದೇ ವಿಮಾನವನ್ನು ಸಾನ್ಯಾಲರು ಹಾರಿಸುವುದು ಎಂದು ನನಗೆ ಗೊತ್ತಿತ್ತು. ಅದಕ್ಕೇ ಎಡಗಡೆಯದಕ್ಕೆ ಎಲ್ಲಕ್ಕಿಂತ ದೊಡ್ಡ ಬೊಟ್ಟು, ಮೇಲೆ ಅಕ್ಷತೆ.

"ಸಾಕು ಮಾರಾಯ್ತಿ, ವಿಮಾನಕ್ಕೆ ಮದುವೆ ಉಂಟಾ?" ಅಂದಳು ಅಮ್ಮ.

ಅಪ್ಪನ ಜೊತೆ ಕೆಲಸ ಮಾಡುವ ಹಾಲ್ದಾರ್‌ದಾ ನನ್ನ ಬಾಕ್ಸ್ ಕ್ಯಾಮೆರಾದಲ್ಲೇ ಅದರ ಫೋಟೋ ತೆಗೆದರು. ರೋಲಿನ ಎಂಟನೆಯದು. ಸಂಜೆ ಅಪ್ಪ ಕೊಳವೆಗಳಿಗೆ ಕೆಂಪು ಬಟ್ಟೆಯ ಟೋಪಿ ತೊಡಿಸಿ ಬಿಗಿದು ಕಟ್ಟಿದರು. ಖಿಚುಡಿ, ಬದನೆಕಾಯಿ ಭಾಜಾ ತಿಂದು ಬಂದೆವು. ನನ್ನ ಬೆರಳಿನ್ನೂ ಗಂಧ ಗಂಧ.

ಸೆಪ್ಟೆಂಬರ್ 18, ಸೋಮವಾರ, ಬೆಳಿಗ್ಗೆ

ವೀಕ್ಷಕರ ಗ್ಯಾಲರಿಯಿಂದ ಬರೆದದ್ದು, ಖಾತಾಕ್ಕೆ ನಕಲು ಮಾಡಬೇಕು:
6.40 ಜೀಪಿನಿಂದ ಆಗಷ್ಟೇ ಇಳಿದ ಕ್ಯಾಪ್ಟನ್ ಸಾನ್ಯಾಲರು ನನ್ನ ಕೂಗು ಕೇಳಿ ಬೇಲಿಯ ಹತ್ತಿರ ಬಂದರು!! 
6.46 ಫೋಟೋಗೆ ನಿಂತರು. ಟೋಪಿ ಸರಿ ಮಾಡಿಕೊಂಡರು. (ಒಂಬತ್ತನೆಯದು. ಹಿಂದೆ ಗೇಟಿನ ಗಡಿಯಾರ.)
6.48 ಇನ್ನೂ ಇಲ್ಲೇ. ಆಟೋಗ್ರಾಫ್. ಹವಾಮಾನದ ಮಾತು.
6.50 ಯಾರೋ ಕೈ ಬೀಸಿ ಕರೆದರು. ಓಡಿದರು.
6.51 ನೇರ ಮೆಟ್ಟಿಲು ಹತ್ತಿದರು.
6.53 ಬಾಗಿಲು ಮುಚ್ಚಿತು.
7.02 ಚಕ್ರ ನೆಲ ಬಿಟ್ಟಿತು. ಬೆಣ್ಣೆ!

ಅದೇ ದಿನ, ಸಂಜೆ

7.41ಕ್ಕೆ ಅದೇ ವಿಮಾನ ವಾಪಸು ಬಂತು. ಹಿಂದೆಯೇ ಆಂಬುಲೆನ್ಸ್ ಓಡಿತು. ಏರ್ ಹೋಸ್ಟೆಸ್ ಒಬ್ಬಳ ಕೊರಳೆಲುಬು ಮುರಿದಿದೆಯಂತೆ, ಉಳಿದ ಮೂವತ್ತೆಂಟು ಜನರಿಗೆ ಏನೂ ಆಗಿಲ್ಲ. ಹತ್ತುವಾಗ ವೇಗ ಇದ್ದಕ್ಕಿದ್ದಂತೆ ಬಿದ್ದುಹೋಯಿತಂತೆ.

ಅಪ್ಪ ಬಂದವರು ಕೈಕಾಲು ತೊಳೆಯದೆ ವರಾಂಡದಲ್ಲಿ ಕೂತರು. ಒಗೆಯಲು ಅಮ್ಮ ಕರವಸ್ತ್ರ ಕೇಳಿದರೆ ಕೊಡದೆ ಕಿಸೆಯಲ್ಲೇ ಮುದುರಿ ಇಟ್ಟುಕೊಂಡರು. ಅಪ್ಪನಿಗೂ ಒಮ್ಮೊಮ್ಮೆ ಹೀಗೆ ಹುಚ್ಚು.

ಸೆಪ್ಟೆಂಬರ್ 19, ಮಂಗಳವಾರ

ಪೇಪರಿನಲ್ಲಿ ಫೋಟೋ! "ಮಳೆಮೋಡದಲ್ಲಿ ವೇಗ ಕಳೆದುಕೊಂಡ ವಿಮಾನವನ್ನು ಕ್ಯಾಪ್ಟನ್ ಸಾನ್ಯಾಲ್ ಉಳಿಸಿದರು." ನಾನು ಮೂರು ಪ್ರತಿ ಕೊಂಡೆ. ಪ್ರೊಪೆಲರ್ ಈಗ ಏನು ಹೇಳುತ್ತಾನೋ ನೋಡೋಣ. ನನ್ನ ಬೊಟ್ಟೇ ಅವರನ್ನು ಕಾಪಾಡಿದ್ದು ಎಂದು ಅಮ್ಮನಿಗೆ ಹೇಳಿದೆ. ಅಪ್ಪ ಊಟ ಅರ್ಧಕ್ಕೇ ಬಿಟ್ಟು ಎದ್ದರು.

ಸೆಪ್ಟೆಂಬರ್ 22, ಶುಕ್ರವಾರ

ಅಪ್ಪನನ್ನು ಸಸ್ಪೆಂಡ್ ಮಾಡಿದ್ದಾರೆ.

ಹದಿನೆಂಟು ವರ್ಷ. ಒಂದು ದಿನ ತಡವಾಗಿ ಹೋದವರಲ್ಲ. ಬಾಗಿಲ ಹತ್ತಿರ ನಿಂತು ಕಾಗದ ಓದಿ ಹೇಳಿದರು, ರೇಷನ್ ಅಂಗಡಿಯ ಪಟ್ಟಿ ಓದಿದ ಹಾಗೆ. ಕ್ಯಾಪ್ಟನ್ ವರದಿ ಕೊಟ್ಟಿದ್ದಾನೆ: "ಹೊರಡುವ ಮುಂಚೆ ನಾನೇ ಸ್ವತಃ ವಿಮಾನವನ್ನು ಸುತ್ತು ಬಂದು ಪರೀಕ್ಷಿಸಿದೆ. ಎಡಗಡೆಯ ಕೊಳವೆ ಹೊರಗಿನಿಂದ ಸ್ವಚ್ಛವಾಗಿತ್ತು. ಒಳಗೆ ಕಸ ಉಳಿದದ್ದು ಮೆಕ್ಯಾನಿಕ್‌ನ ಅಲಕ್ಷ್ಯ." ಅದರ ಮೇಲೆ ಇನ್ನೊಂದು ಆರೋಪ: ವಿಮಾನ ಇಳಿದ ಮೇಲೆ ಅಪ್ಪ ಯಾರನ್ನೂ ಕರೆಯದೆ ಕೊಳವೆಯನ್ನು ತೊಳೆದುಬಿಟ್ಟರಂತೆ. ಅಕ್ಟೋಬರ್ ಇಪ್ಪತ್ತಕ್ಕೆ ವಿಚಾರಣೆ. ತಪ್ಪು ಅಂತಾದರೆ ಕೆಲಸ ಹೋಯಿತು, ಲೈಸೆನ್ಸೂ ಹೋಯಿತು.

"ಯಾಕೆ ತೊಳೆದದ್ದು ಅಪ್ಪ?"

"ಮೆಕ್ಯಾನಿಕ್ ಅಲ್ವಾ. ಕೊಳೆ ಕಂಡ್ರೆ ತೊಳೆಯುವುದು."

"ಒಳಗೆ ಎಂತ ಇತ್ತು?"

"ಕಸ."

ಅಷ್ಟೇ. ಸಾನ್ಯಾಲನ ಮೂರು ಪೇಪರನ್ನೂ ಹರಿದು ಒಲೆಗೆ ಹಾಕಿದೆ. ಆಟೋಗ್ರಾಫ್ ಮಾತ್ರ ಇಟ್ಟುಕೊಂಡಿದ್ದೇನೆ. ಬೇಕಾಗುತ್ತದೆ. ಅವನ ತೋಳಿನ ಮೇಲಿನ ನಾಲ್ಕು ಚಿನ್ನದ ಪಟ್ಟಿಗಳನ್ನು ಒಂದೊಂದಾಗಿ ಕೀಳುತ್ತೇನೆ. ನಾಲ್ಕನೆಯದನ್ನು ಕೀಳುವಾಗ ಅವನು ನನ್ನ ಮುಖ ನೋಡಬೇಕು. ಬರೆದಿಟ್ಟಿದ್ದೇನೆ, ಇಲ್ಲಿ, ತಾರೀಖು ಹಾಕಿ.

ಸೆಪ್ಟೆಂಬರ್ 24, ಭಾನುವಾರ

ಶ್ಯಾಮಣ್ಣ ಊಟಕ್ಕೆ ಬಂದಿದ್ದರು. ಎಂದಿನ ಭಾನುವಾರದಂತಲ್ಲ, ಚಪ್ಪಲಿ ಬಿಡುವಾಗಲೇ ಮುಖ ಕೆಳಗಿತ್ತು. ಮೈಸೂರಿನವರು, ಹೆಸರು ಶ್ಯಾಮಸುಂದರ, ವಯಸ್ಸು ಇಪ್ಪತ್ತಾರು. ಅವತ್ತು ಬಲಗಡೆಯ ಸೀಟಿನಲ್ಲಿ ಕೂತಿದ್ದ ಕೋ-ಪೈಲಟ್ ಅವರೇ. ಅಮ್ಮ ಬಡಿಸಿದಳು. ನಾನು ಸಾರಿನ ಸೌಟು ಹಿಡಿದು ನಿಂತೆ.

"ಮೇಲೆ ಏನಾಯ್ತು ಅಂತ ಮೊದಲು ಹೇಳಿ. ಸಾರು ಆಮೇಲೆ."

"ಊಟ ಮಾಡೋಕ್ ಬಿಡೇ ತಾಯಿ."

"ಒಣ ಅನ್ನ ತಿನ್ನಿ ಹಾಗಾದ್ರೆ."

ಅಪ್ಪ ಇರಲಿಲ್ಲ, ಔಷಧಿ ಅಂಗಡಿಗೆ ಹೋಗಿದ್ದರು. ಶ್ಯಾಮಣ್ಣ ಬಾಗಿಲ ಕಡೆ ನೋಡಿ, ಹಪ್ಪಳವನ್ನು ವಿಮಾನದಂತೆ ಓರೆಯಾಗಿ ಎತ್ತಿ ಹಿಡಿದರು.

"ಹತ್ತುತಾ ಇದ್ವಿ. ಒಂಬತ್ತು ಸಾವಿರ ಅಡಿ. ಮೋಡದೊಳಗೆ ಹೊಕ್ಕ ತಕ್ಷಣ ಜೋರು ಮಳೆ. ಸಾನ್ಯಾಲ್ ಸಾರ್ ಕಡೆ ವೇಗದ ಮುಳ್ಳು ನೂರ ಅರವತ್ತರಲ್ಲಿತ್ತು. ನೋಡ್ತಾ ನೋಡ್ತಾ ನೂರಿಪ್ಪತ್ತು, ತೊಂಬತ್ತು, ಐವತ್ತು. ಹತ್ತುವಾಗ ವೇಗ ನಿಜವಾಗ್ಲೂ ಹೋದ್ರೆ ರೆಕ್ಕೆಗೆ ಗಾಳಿ ಹಿಡಿತ ಸಿಗಲ್ಲ, ಕಲ್ಲು ಬಿದ್ದಂಗೆ ಬೀಳುತ್ತೆ. ಅದಕ್ಕೇ ಅವ್ರು ಮೂಗನ್ನ ಕೆಳಕ್ಕೆ ಒತ್ತಿಬಿಟ್ರು. ಪೂರಾ."

ಹಪ್ಪಳ ಸಾರಿಲ್ಲದ ಅನ್ನಕ್ಕೆ ಮೂಗು ಚುಚ್ಚಿಕೊಂಡು ಮುರಿಯಿತು.

"ವೇಗ ಹೋಗಿತ್ತಾ?"

"ಎಲ್ಲಿ ಹೋಗುತ್ತೆ? ನನ್ನ ಕಡೆ ಮುಳ್ಳು ನೂರ ಅರವತ್ತರಲ್ಲೇ ಇತ್ತು. ಎಂಜಿನ್ ಸದ್ದು ಹಾಗೇ ಇತ್ತು, ಮೂಗಿನ ಕೋನ ಹಾಗೇ ಇತ್ತು. ಸುಳ್ಳು ಹೇಳಿದ್ದು ಎಡಗಡೆ ಕೊಳವೆ. ಅವ್ರು ಒತ್ತಿದ ಮೇಲೆ ನಿಜವಾದ ವೇಗ ಇನ್ನೂರು, ಇನ್ನೂರ ಮೂವತ್ತು... 'ಸಾರ್, ನನ್ನದು ಸರಿ ಇದೆ, ನನ್ನದು ನೋಡಿ' ಅಂತ ಕಿರುಚಿದೆ. ಆಮೇಲೆ ನಾನೇ ನಿಧಾನಕ್ಕೆ ಎಳೆದೆ. ಮೂರು ಸಾವಿರ ಅಡಿ ಕೆಳಗೆ ಬಂದಿದ್ವಿ. ಆ ಹುಡುಗಿ ಚಹಾ ಕೊಡ್ತಾ ಇದ್ಲು ಪಾಪ, ಚಾವಣಿಗೆ ಹೊಡೆದು ಬಿದ್ಲು."

"ಮತ್ತೆ ಎಂತ ಮಾಡ್ಬೇಕಿತ್ತು?" ಎಂದು ಕೇಳಿದ್ದು ಅಮ್ಮ.

"ಮೊದಲು ಏನೂ ಮಾಡಬಾರದು ಅಮ್ಮಾವ್ರೇ. ಮುಳ್ಳು ಬಿತ್ತು ಅಂತ ಅದರ ಹಿಂದೆ ಓಡಬಾರದು. ಮೂಗಿನ ಕೋನ, ಎಂಜಿನ್ನಿನ ಬಲ, ಈ ಎರಡನ್ನೂ ಗೊತ್ತಿರೋ ಜಾಗದಲ್ಲಿ ಗಟ್ಟಿಯಾಗಿ ಹಿಡ್ಕೋಬೇಕು. ಕೊಳವೆ ಕಾಯಿಸೋ ಸ್ವಿಚ್ ನೋಡ್ಬೇಕು. ಆಮೇಲೆ ಇನ್ನೊಬ್ಬನ ಮುಳ್ಳು ನೋಡ್ಬೇಕು. ಯಾವುದು ಸುಳ್ಳು ಅಂತ ಗೊತ್ತಾದ ಮೇಲೇ ಕೈ ಹಾಕ್ಬೇಕು."

"ಹೊರಡುವ ಮುಂಚೆ ಅವನು ಸುತ್ತು ಬಂದು ನೋಡಿದ್ದು ನಿಜವಾ?"

ಶ್ಯಾಮಣ್ಣ ಹಪ್ಪಳದ ಚೂರುಗಳನ್ನು ಒಟ್ಟು ಮಾಡತೊಡಗಿದರು. "ನಾನು ಒಳಗೆ ಭಾರದ ಪಟ್ಟಿ ಬರೀತಿದ್ದೆ. ನೋಡಿಲ್ಲ. ಅವ್ರು ಮಾಡ್ದೆ ಅಂತ ಸಹಿ ಹಾಕಿದಾರೆ."

"ಆ ಸುತ್ತಿಗೆ ಎಷ್ಟು ಹೊತ್ತು ಬೇಕು?"

"ಸರಿಯಾಗಿ ಮಾಡಿದ್ರೆ ಎಂಟು ನಿಮಿಷ. ಕೊಳವೆ ಬಾಯೊಳಗೂ ಬಗ್ಗಿ ನೋಡ್ಬೇಕು."

ಸೌಟು ಕೆಳಗಿಟ್ಟು ಒಳಗೆ ಓಡಿದೆ. ನನ್ನ ಪಟ್ಟಿ! 6.40ರಿಂದ 6.50ರವರೆಗೆ ಬೇಲಿಯ ಹತ್ತಿರ. 6.51ಕ್ಕೆ ಮೆಟ್ಟಿಲು. ಎಂಟು ನಿಮಿಷ ಎಲ್ಲಿ ಸಾನ್ಯಾಲ್? ನಿನ್ನ ಎಂಟು ನಿಮಿಷ ನನ್ನ ಹತ್ತಿರ ಇದೆ! ಗಡಿಯಾರದ ಸಮೇತ ನನ್ನ ಕ್ಯಾಮೆರಾದೊಳಗೆ ಇದೆ!

ಪಟ್ಟಿ ತೋರಿಸಿದರೆ ಶ್ಯಾಮಣ್ಣನ ಮುಖ ಬಿಳುಪೇರಿತು. "ಇದನ್ನ ನೀನು ಹೊರಗೆ ತೆಗೆದ್ರೆ ನನ್ನನ್ನೂ ಕೂರಿಸಿ ಕೇಳ್ತಾರೆ ಜಯಂತಿ. ಸಾನ್ಯಾಲ್ ಸಾರ್ ಬರೆದುಕೊಟ್ರೇ ನಾನು ಕ್ಯಾಪ್ಟನ್ ಆಗೋದು."

"ನೀವು ಇನ್ನು ನಮ್ಮನೆಯಲ್ಲಿ ಊಟ ಮಾಡ್ಬೇಡಿ," ಅಂದೆ.

ಅಮ್ಮ ನನ್ನ ಬೆನ್ನಿಗೆ ಒಂದು ಕೊಟ್ಟು, ಅವರಿಗೆ ಸಾರು ಬಡಿಸಿದಳು.

ಸೆಪ್ಟೆಂಬರ್ 29, ಶುಕ್ರವಾರ

ಖಾತಾ ಬಂತು. ಪ್ರೊಪೆಲರ್ ಬರೆದಿದ್ದಾನೆ: "ಗಾಳಿಚೀಲದ ಬಾಬಾ ಕೊಳವೆ ತೊಳೆಯಲು ಮರೆತರು, ಆಮೇಲೆ ಸಾಕ್ಷಿ ತೊಳೆಯಲು ನೆನಪಿಟ್ಟರು. ಉತ್ತರ ಇದೆಯೇ?" ಅದರ ಕೆಳಗೆ ರನ್‌ವೇ: "ಹ್ಹ ಹ್ಹ." ಅದರ ಕೆಳಗೆ ಇನ್ನೊಬ್ಬಳು ನಗುವ ಮುಖ ಬಿಡಿಸಿದ್ದಾಳೆ.

ಪ್ರಶ್ನೆಯಿಲ್ಲದೆ ಯಾರೂ ತಮ್ಮ ಬರಹ ಮುಗಿಸಬಾರದು ಎಂಬುದು ಖಾತಾದ ನಿಯಮ. ಮುಂದಿನವರು ಉತ್ತರ ಕೊಡಲೇಬೇಕು, ಇಲ್ಲವಾದರೆ ಸೋತಂತೆ. ನಾನು ನಾಲ್ಕು ಪುಟ ಬರೆದೆ. ಮೆಕ್ಯಾನಿಕ್ ತೊಳೆಯದಿದ್ದರೆ ಮುಳ್ಳು ರನ್‌ವೇ ಮೇಲೇ ಸತ್ತಿರಬೇಕಿತ್ತು, ಒಂಬತ್ತು ಸಾವಿರ ಅಡಿಯವರೆಗೆ ಸರಿಯಾಗಿ ಹೇಗೆ ಓಡಿತು? ಕಣಜದ ಹುಳ ಮಣ್ಣು ತಂದು ಕೊಳವೆಯ ಗೋಡೆಗೆ ಮೆತ್ತಿರಬೇಕು. ಮಳೆಯಲ್ಲಿ ಅದು ನೆನೆದು, ಉಬ್ಬಿ, ಕುಸಿದು ಬಾಯಿ ಮುಚ್ಚಿತು. ಬೆಳಿಗ್ಗೆ ಟೋಪಿ ತೆಗೆದ ಮೇಲೆ ಕಣಜ ಕಟ್ಟಿದ ಗೂಡಿಗೆ ನನ್ನ ಅಪ್ಪ ಹೊಣೆಯೇ?

ಅಪ್ಪನಿಗೆ ಓದಿ ಹೇಳಿದೆ. ಖುಷಿಪಡುತ್ತಾರೆ ಅಂದುಕೊಂಡಿದ್ದೆ.

"ಒಳ್ಳೆ ತಲೆ ಉಂಟು ನಿಂಗೆ," ಅಂದರು. "ಮಣ್ಣು ಅಂತ ಬರೆದದ್ದು ಬಿಟ್ರೆ ಬಾಕಿ ಎಲ್ಲ ಸರಿ."

"ಮಣ್ಣಲ್ಲದಿದ್ರೆ ಮತ್ತೆ ಎಂತ?"

"ಎಂತದಾದ್ರೂ ಆಯ್ತು. ಕಣಜಕ್ಕೆ ಬೈಬೇಡ, ಅದು ಎಂತ ಗೊತ್ತಿದ್ದು ಮಾಡ್ತದೆ?"

ಅಕ್ಟೋಬರ್ 3, ಮಂಗಳವಾರ

ಇವತ್ತು ಸಾನ್ಯಾಲನನ್ನು ನೋಡಿದೆ.

ಫೋಟೋದ ಗಡಿಯಾರ ನಿಜವಾದ ಸಮಯವೇ ತೋರಿಸುತ್ತದೋ ಇಲ್ಲವೋ ಎಂದು ನನ್ನ ಕೈಗಡಿಯಾರದ ಜೊತೆ ತಾಳೆ ನೋಡಲು ಗ್ಯಾಲರಿಗೆ ಹೋಗಿದ್ದೆ. (ಸರಿ ಇದೆ. ಒಂದು ನಿಮಿಷವೂ ಹೆಚ್ಚುಕಡಿಮೆ ಇಲ್ಲ.) ಹಿಂದಿನಿಂದ ಬಂದು ನಿಂತ.

"ಅರೇ ಖುಕಿ! ಅವತ್ತಿನ ನನ್ನ ಫೋಟೋ ಏನಾಯಿತು? ನನಗೊಂದು ಪ್ರತಿ ಇಲ್ಲವೇ?"

ಖುಕಿಯಂತೆ, ಪುಟ್ಟ ಹುಡುಗಿಯಂತೆ. ನಾನು ಯಾರ ಮಗಳು ಎಂದು ಅವನಿಗೆ ಗೊತ್ತಿಲ್ಲ. ನಾಲಿಗೆ ತುದಿಗೆ ಬಂದದ್ದನ್ನು ನುಂಗಿ, "ರೋಲು ಮುಗಿದಿಲ್ಲ ಸರ್, ಮೂರು ಬಾಕಿ ಇದೆ, ಖಂಡಿತ ಕಳಿಸುತ್ತೇನೆ," ಅಂದೆ. ಎಷ್ಟು ಸಿಹಿಯಾಗಿ ಅಂದೆ! ರಸಗುಲ್ಲ ನಾಚಬೇಕು.

"ಕಳಿಸು, ಕಳಿಸು. ಅವತ್ತು ನನ್ನ ಮುಖ ಚೆನ್ನಾಗಿತ್ತು. ಆಮೇಲೆ ಸರಿಯಾಗಿ ನಿದ್ದೆಯಿಲ್ಲ ನೋಡು." ನನ್ನ ಪುಸ್ತಕ ತೆಗೆದುಕೊಂಡು ತಾನಾಗಿಯೇ ಇನ್ನೊಂದು ಆಟೋಗ್ರಾಫ್ ಹಾಕಿದ. ಪೆನ್ನು ನಡುಗಿತು, ಕೊನೆಯ ಅಕ್ಷರ ಗೆರೆಯಾಗಿ ಜಾರಿತು. "ಆಸ್ಪತ್ರೆಯಲ್ಲಿರುವ ಹುಡುಗಿಯೂ ನಿನ್ನಷ್ಟೇ ಚಿಕ್ಕವಳು. ದಿನಾ ಹೋಗಿ ಬರುತ್ತೇನೆ. ಅವಳು ಮುಖ ಆಚೆ ತಿರುಗಿಸಿಕೊಳ್ಳುತ್ತಾಳೆ."

ತಿರುಗಿಸಿಕೊಳ್ಳದೆ? ಆರತಿ ಎತ್ತಬೇಕಿತ್ತಾ? ಮಹಾ ನಟ. ಎರಡು ಆಟೋಗ್ರಾಫ್‌ಗಳನ್ನೂ ಅಕ್ಕಪಕ್ಕ ಇಟ್ಟು ನೋಡಿದೆ. ಒಂದೇ ಮನುಷ್ಯನದು ಎಂದು ನಂಬಲು ಆಗುವುದಿಲ್ಲ. ಒಳ್ಳೆಯದಾಯಿತು, ಇನ್ನೂ ನಡುಗಲಿ.

ಅಕ್ಟೋಬರ್ 7, ಶನಿವಾರ

ಮಹಾಲಯ. ನಾಗೇರ್‌ಬಜಾರಿನಲ್ಲಿ ಪೆಂಡಾಲಿನ ಬಿದಿರು ಕಟ್ಟುತ್ತಿದ್ದಾರೆ. ರೋಲಿನ ಬಾಕಿ ಮೂರು ಫೋಟೋಗಳನ್ನು ಬಿದಿರಿಗೆ, ಒಂದು ಬೆಕ್ಕಿಗೆ, ಅಪ್ಪನಿಗೆ ಮುಗಿಸಿದೆ. ಅಪ್ಪ ವರಾಂಡದಲ್ಲಿ ಕೂತು ಪಕ್ಕದ ಮನೆಯವರ ಹೊಲಿಗೆ ಯಂತ್ರ ರಿಪೇರಿ ಮಾಡುತ್ತಿದ್ದರು. ವಿಮಾನದ ಸದ್ದು ಬಂದಾಗಲೆಲ್ಲ ತಲೆ ಎತ್ತುತ್ತಿದ್ದರು. ಮೊದಲು ಹಾಗೆ ಎತ್ತುತ್ತಿದ್ದದ್ದು ನಾನು. ಅಪ್ಪ ಸದ್ದಿನಲ್ಲೇ ಯಾವುದು ಎಂದು ಹೇಳುತ್ತಿದ್ದರು.

ರೋಲು ಸ್ಟುಡಿಯೋಗೆ ಕೊಟ್ಟೆ. ಮಂಗಳವಾರ ಸಿಗುತ್ತದೆ. ವಿಚಾರಣೆಯವರಿಗೆ ಕಾಗದವೂ ತಯಾರಿದೆ, ಏಳನೇ ಸಲ ತಿದ್ದಿದ್ದೇನೆ. "ಸುಳ್ಳುಗಾರ" ಎಂಬ ಪದ ಹನ್ನೊಂದು ಕಡೆ ಬಂದಿದೆ. ಒಂದನ್ನೂ ತೆಗೆಯುವುದಿಲ್ಲ.

ಅಕ್ಟೋಬರ್ 10, ಮಂಗಳವಾರ

ಫೋಟೋ ಬಂತು. ಒಂಬತ್ತನೆಯದರಲ್ಲಿ ಗಡಿಯಾರ ಸ್ಪಷ್ಟವಾಗಿದೆ. ಏಳು ಗಂಟೆಗೆ ಹದಿನಾಲ್ಕು ನಿಮಿಷ ಬಾಕಿ.

ಎಂಟನೆಯದನ್ನೂ ನೋಡಿದೆ.

ಅಕ್ಟೋಬರ್ 11, ಬುಧವಾರ

ಕಾಲೇಜಿಗೆ ಹೋಗಲಿಲ್ಲ.

ಅಕ್ಟೋಬರ್ 12, ಗುರುವಾರ

ಬರೆಯುತ್ತೇನೆ. ಬರೆಯದಿದ್ದರೆ ಸಾನ್ಯಾಲನಿಗೂ ನನಗೂ ಏನು ವ್ಯತ್ಯಾಸ.

ಎಂಟನೆಯದರಲ್ಲಿ ನಾನು ಸ್ಟೂಲಿನ ಮೇಲೆ ನಗುತ್ತಾ ನಿಂತಿದ್ದೇನೆ. ಬೆರಳು ಕೊಳವೆಯ ಮೇಲಿಲ್ಲ. ಕೊಳವೆಯ ಬಾಯಲ್ಲಿದೆ, ಉಗುರು ಮುಳುಗುವಷ್ಟು ಒಳಗೆ. ಬಾಯಂಚಿನಲ್ಲಿ ಒಂದು ಅಕ್ಕಿಕಾಳು ಬೆಳ್ಳಗೆ ಕಾಣುತ್ತದೆ. ಪಿಟೋ ಕೊಳವೆ ಎಂದರೇನು ಎಂದು ಖಾತಾದ ಉಳಿದ ಐವರಿಗೂ ಪಾಠ ಹೇಳಿದವಳು ನಾನು.

ಅಪ್ಪ ಹೊಲಿಗೆ ಯಂತ್ರಕ್ಕೆ ಎಣ್ಣೆ ಬಿಡುತ್ತಿದ್ದರು. ಫೋಟೋ ಮುಂದೆ ಇಟ್ಟೆ. ಬಹಳ ಹೊತ್ತು ನೋಡಿ, "ಚಂದ ಬಂದಿದ್ದಿ ಮಗಾ," ಅಂದರು.

"ಯಾವಾಗ ಗೊತ್ತಾಯ್ತು ನಿಮಗೆ?"

"ಕೊಳವೆ ಮೂಸಿದ ಕೂಡ್ಲೆ. ಇಡೀ ಹ್ಯಾಂಗರಲ್ಲಿ ಗಂಧ ತೇಯುವ ಮನೆ ನಮ್ಮದೊಂದೇ ಅಲ್ವಾ." ಕಿಸೆಯಿಂದ ಆ ಕರವಸ್ತ್ರ ತೆಗೆದರು. ಕೆಂಪು ಹಳದಿ ಕಲೆ, ಒಳಗೆ ಒಂದು ಅಕ್ಕಿಕಾಳು. ಮೂರು ವಾರವಾದರೂ ವಾಸನೆ ಹೋಗಿರಲಿಲ್ಲ.

"ನನಗೆ ಯಾಕೆ ಹೇಳ್ಲಿಲ್ಲ?"

"ಹೇಳಿ? ನೀನು ಊಟ ಬಿಡ್ಬೇಕಿತ್ತಾ?" ಎಣ್ಣೆಯ ಡಬ್ಬಿ ಬದಿಗಿಟ್ಟು ಹೇಳಿದರು: "ನಿನ್ನದೊಂದೇ ಅಲ್ಲ. ಸಂಜೆ ಟೋಪಿ ಬಿಗಿದು ಗಂಧವನ್ನು ಇನ್ನೂ ಒಳಗೆ ತಳ್ಳಿದ್ದು ನಾನು. ಬೆಳಿಗ್ಗೆ ಟೋಪಿ ತೆಗೆದಾಗ ಅಂಚಿನಲ್ಲಿ ಬೊಟ್ಟು ಕಾಣ್ತು. ಹೊರಗಿಂದು ಒರೆಸಿದೆ. ಒಳಗೆ ಟಾರ್ಚ್ ಹಾಕಿ ನೋಡ್ಬೇಕಿತ್ತು. ಪೂಜೆದ್ದಲ್ವಾ, ಪೂರ್ತಿ ಒರೆಸ್ಲಿಕ್ಕೆ ಮನಸ್ಸು ಬರ್ಲಿಲ್ಲ. ಹದಿನೆಂಟು ವರ್ಷ ಕೊಳವೆ ನೋಡಿದವ, ಅವತ್ತು ದೇವರನ್ನು ನೋಡಿದೆ. ಸಹಿ ಹಾಕಿದೆ."

"ಅವನೂ ಸಹಿ ಹಾಕಿದ್ದಾನೆ! ನೋಡದೆ ಹಾಕಿದ್ದಾನೆ! ಬಗ್ಗಿ ನೋಡಿದ್ರೆ ಅವನಿಗೆ ಕಾಣ್ತಿತ್ತು!"

"ಹೌದು. ಕಾಣ್ತಿತ್ತು."

"ಮತ್ತೆ? ಅವನಿಗೆ ಎಂತ ಇಲ್ವಾ?"

"ಅವನದ್ದು ಅವ ಹೇಳ್ಬೇಕು. ನಾನು ಹೇಳಿದ್ರೆ ಕೂಗಾಟ ಆಗ್ತದೆ ಅಷ್ಟೆ."

ಅಮ್ಮ ಬಾಗಿಲಲ್ಲಿ ನಿಂತು ಎಲ್ಲ ಕೇಳಿಸಿಕೊಂಡಳು. ಒಳಗೆ ಹೋಗಿ ಸಾಣೆಕಲ್ಲನ್ನು ತೊಳೆಯುತ್ತಾ ನಿಂತಳು, ಅದಾಗಲೇ ತೊಳೆದಿಟ್ಟ ಕಲ್ಲು.

ಅಕ್ಟೋಬರ್ 13, ಶುಕ್ರವಾರ

ಸ್ಟುಡಿಯೋದವನು ನೆಗೆಟಿವನ್ನು ಮೂರು ಮೂರಾಗಿ ಕತ್ತರಿಸಿ ಕೊಟ್ಟಿದ್ದಾನೆ. ಏಳು, ಎಂಟು, ಒಂಬತ್ತು ಒಂದೇ ಪಟ್ಟಿಯಲ್ಲಿವೆ. ನನ್ನ ಬೆರಳು, ಅವನ ಗಡಿಯಾರ, ಮಧ್ಯೆ ಕಡ್ಡಿಯಷ್ಟು ಅಗಲದ ಖಾಲಿ ಗೆರೆ.

ಅಮ್ಮನ ಕತ್ತರಿ ತಂದೆ. ಒಂದೇ ಕಚ್ಚು ಸಾಕು. ಎಂಟು ಒಲೆಗೆ, ಒಂಬತ್ತು ವಿಚಾರಣೆಗೆ. ಸಾನ್ಯಾಲ್ ಮುಗಿದ. ಅಪ್ಪನ ಕರವಸ್ತ್ರವನ್ನೂ ಒಗೆದುಬಿಟ್ಟರೆ, ಜಗತ್ತಿನಲ್ಲಿ ಗಂಧ ಎಂಬ ಪದವೇ ಇರುವುದಿಲ್ಲ. ಕಣಜವೇ ಇರುತ್ತದೆ.

ಅಷ್ಟರಲ್ಲಿ ಶ್ಯಾಮಣ್ಣ ಬಂದರು. ಬಾಗಿಲಲ್ಲೇ ನಿಂತು, "ಊಟಕ್ಕಲ್ಲ ಕಣೇ, ಹೆದರಬೇಡ," ಅಂದರು. ಕತ್ತರಿ ನೋಡಿದರು, ಪಟ್ಟಿಯನ್ನು ಬೆಳಕಿಗೆ ಹಿಡಿದು ನೋಡಿದರು. ಅವರಿಗೂ ಅರ್ಥವಾಯಿತು. ಬೆತ್ತದ ಸ್ಟೂಲು ಎಳೆದು ಕೂತರು.

"ಕತ್ತರಿಸ್ತೀಯಾ?"

"ಹೂಂ."

"ಕತ್ತರಿಸು. ಆಮೇಲೆ ವಿಚಾರಣೆಯವ್ರು ಕೇಳ್ತಾರೆ, ಕೊಳವೆ ಒಳಗೆ ಏನಿತ್ತು ಅಂತ. ನಿಮ್ಮಪ್ಪ ಏನಂತಾರೆ?"

ಅಪ್ಪ ಕಸ ಎನ್ನುತ್ತಾರೆ. ನನ್ನ ಹೆಸರು ಹೇಳುವ ಬದಲು ಲೈಸೆನ್ಸನ್ನೇ ಕೊಟ್ಟುಬಿಡುತ್ತಾರೆ. ಸಾನ್ಯಾಲ್ ಮುಳುಗಿದರೂ ಅಪ್ಪ ಜೊತೆಯಲ್ಲೇ ಮುಳುಗುತ್ತಾರೆ. ಇಷ್ಟು ದಿನ ಇದು ಯಾಕೆ ಹೊಳೆಯಲಿಲ್ಲ? ಒಂದೇ ಮುಳ್ಳನ್ನು ನೋಡುತ್ತಾ ಕೂತಿದ್ದೆ.

"ನಿಮ್ಮನ್ನ ಕೇಳಿದ್ರೆ ನೀವು ಎಂತ ಹೇಳ್ತೀರಿ?" ಅಂದೆ.

ಶ್ಯಾಮಣ್ಣ ಉಗುರು ನೋಡಿಕೊಂಡರು. "ಇದನ್ನ ಇಡೀ ಕಳಿಸಿದ್ರೆ, ಹದಿನೇಳರ ಹುಡುಗಿ ತನ್ನ ಹೆಸರು ಹಾಕಿ ಕಳಿಸಿದ್ರೆ, ನಾನು ನೋಡಿಲ್ಲ ಅಂತ ಹೇಳೋಕೆ ಯಾವ ಮುಖ ಇರುತ್ತೆ? ಅವ್ರು ಮೂಗು ಒತ್ತಿದ್ದು, ನಾನು ಎಳೆದಿದ್ದು, ಎಲ್ಲ ಹೇಳ್ಬೇಕಾಗುತ್ತೆ." ಎದ್ದು ಹೊರಟವರು ತಿರುಗಿ, "ದಯವಿಟ್ಟು ಕತ್ತರಿಸಿಬಿಡೇ," ಅಂದರು. ನಗುತ್ತಿದ್ದರೋ ಅಳುತ್ತಿದ್ದರೋ ತಿಳಿಯಲಿಲ್ಲ.

ಕತ್ತರಿಯನ್ನು ಹೊಲಿಗೆ ಡಬ್ಬಿಯಲ್ಲಿ ಅದರ ಜಾಗದಲ್ಲೇ ಇಟ್ಟೆ.

ಅಕ್ಟೋಬರ್ 16, ಸೋಮವಾರ

ಇವತ್ತು ಮಹಾನವಮಿ, ನಮ್ಮ ಆಯುಧಪೂಜೆ. ಬೀದಿಯಲ್ಲಿ ಢಾಕಿಗಳ ಡೋಲು ಕಿವಿ ಒಡೆಯುತ್ತಿದೆ. ಅಪ್ಪ ತಮ್ಮ ಸ್ಕ್ರೂಡ್ರೈವರು, ಇಕ್ಕುಳ, ಕೊಳವೆ ಉಜ್ಜುವ ಸಣ್ಣ ಬ್ರಶ್ ಎಲ್ಲವನ್ನೂ ಮಣೆಯ ಮೇಲೆ ಸಾಲಾಗಿ ಇಟ್ಟರು. ಗಂಧದ ಬಟ್ಟಲನ್ನು ಅಮ್ಮ ನನ್ನ ಕಡೆಗೇ ಚಾಚಿದಳು. ನಾನು ಕೈ ಹಿಂದೆ ಎಳೆದುಕೊಂಡೆ.

"ಹಿಡಿಗೆ ಇಡು, ಬಾಯಿಗೆ ಬೇಡ," ಅಂದರು ಅಪ್ಪ. ಅಮ್ಮ ಮೊದಲು ನಕ್ಕಳು, ಆಮೇಲೆ ನಾವು. ತಿಂಗಳ ಮೇಲೆ ಈ ಮನೆಯಲ್ಲಿ ಯಾರೋ ನಕ್ಕದ್ದು.

ಕಾಗದ ಹೊಸದಾಗಿ ಬರೆದೆ. ಒಂದೇ ಪುಟ. ಮೊದಲ ಸಾಲು: "ಎಡಗಡೆಯ ಕೊಳವೆಯೊಳಗೆ ಗಂಧ ತುಂಬಿದವಳು ನಾನು, ಮೆಕ್ಯಾನಿಕ್ ರತ್ನಾಕರರ ಮಗಳು ಜಯಂತಿ." ಅದರ ಕೆಳಗೆ ನನ್ನ ಪಟ್ಟಿ, ನಿಮಿಷ ನಿಮಿಷವೂ. ಅದರ ಕೆಳಗೆ, ಅಪ್ಪ ಟಾರ್ಚ್ ಹಾಕಲಿಲ್ಲ ಎಂದು ಅಪ್ಪನೇ ಬರೆದು ಸಹಿ ಮಾಡಿದರು. ನಾನು ಬೇಡವೆಂದರೂ ಪೆನ್ನು ಕಿತ್ತುಕೊಂಡರು. ಕರವಸ್ತ್ರ, ಅಕ್ಕಿಕಾಳು, ಕತ್ತರಿಸದ ಪಟ್ಟಿ ಒಳಗಿಟ್ಟೆ. "ಸುಳ್ಳುಗಾರ" ಎಂದು ಎಲ್ಲಿ ಹಾಕಬೇಕು ಎಂದು ಹುಡುಕಿದೆ, ಜಾಗ ಸಿಗಲಿಲ್ಲ. ಪೂಜೆಯ ರಜೆ ಮುಗಿದ ಕೂಡಲೇ ಅಪ್ಪ ಕೈಯಾರೆ ಕೊಟ್ಟು ಬರುತ್ತಾರೆ.

ಇದು ಕ್ಷಮೆಯಲ್ಲ, ಯಾರೂ ಹಾಗೆ ತಿಳಿಯಬಾರದು. ಇದೇ ನನ್ನ ಸೇಡು. ನನ್ನ ಮೇಲಿನ ಎಲ್ಲ ತಪ್ಪನ್ನೂ ನಾನೇ ಹೊತ್ತುಕೊಂಡ ಮೇಲೆ ಉಳಿಯುವುದು ಆ ಎಂಟು ನಿಮಿಷ ಮಾತ್ರ. ಇನ್ನು ಹಿಂದೆ ಅಡಗಲು ಸಾನ್ಯಾಲರಿಗೆ ಯಾವ ಮೆಕ್ಯಾನಿಕ್ಕೂ ಉಳಿದಿರುವುದಿಲ್ಲ.

ಅವರು ಕೇಳಿದ ಫೋಟೋದ ಪ್ರತಿಯನ್ನು ಬೇರೆ ಲಕೋಟೆಯಲ್ಲಿ ಹಾಕಿದ್ದೇನೆ. ಮುಖ ನಿಜವಾಗಿಯೂ ಚೆನ್ನಾಗಿ ಬಂದಿದೆ. ಬೆನ್ನಿನ ಮೇಲೆ ನಾಲ್ಕು ಸಾಲು ಬರೆದೆ. ಖಾತಾದಲ್ಲಿ ಕಲಿತ ಹುಡುಗಿ, ಪ್ರಶ್ನೆಯಿಲ್ಲದೆ ಮುಗಿಸುವುದಾದರೂ ಹೇಗೆ?

"ಕ್ಯಾಪ್ಟನ್ ಸಾನ್ಯಾಲ್, ನಿಮ್ಮ ವಿಮಾನದ ವೇಗ ಕದ್ದವಳ ಹೆಸರು, ವಿಳಾಸ ವಿಚಾರಣೆಯವರ ಕೈಗೆ ಹೋಗುತ್ತಿದೆ. ಬರೆದವಳು ನಾನೇ. ನನ್ನ ಕೈ ನಡುಗಲಿಲ್ಲ. ಇಪ್ಪತ್ತನೇ ತಾರೀಖು ನಿಮ್ಮ ಎಂಟು ನಿಮಿಷಗಳ ಕೆಳಗೆ ಸಹಿ ಹಾಕುವಾಗ ನಿಮ್ಮದು ನಡುಗದೆ ಇರುತ್ತದೆಯೇ?"